ಮಾಲಿಬುವಿನ ಆ ಬೇಸಿಗೆ

ಪುಣೆಯಲ್ಲಿ ಜಡಿಮಳೆ ಹಿಡಿದಿದ್ದ ಶನಿವಾರ. ಹದಿನೈದರ ಮಗಳನ್ನು ಒತ್ತಾಯ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡು 'ಗಿಜೆಟ್' ಹಾಕಿದೆ. 1959ರ ಹಾಲಿವುಡ್ ಚಿತ್ರ. ಎಂ.ಟೆಕ್ ಓದುವಾಗ ಹಾಸ್ಟೆಲಿನಲ್ಲಿ ಇದನ್ನೂ ಇದರ ಬೆನ್ನಿಗೆ ಬಂದ 'ಬೀಚ್' ಚಿತ್ರಗಳನ್ನೂ ನೋಡಿ ನಕ್ಕಿದ್ದೆವು: ಕಡಲು, ಗಿಟಾರು, ಸರ್ಫಿಂಗ್ ಹಲಗೆ, ಕೊನೆಗೆ ಎಲ್ಲರೂ ಕುಣಿಯುವುದು. ಮಗಳು ಅರ್ಧಕ್ಕೇ ಎದ್ದು ಹೋದಳು. ನಾನು ಚಿತ್ರ ಮುಗಿಸಿ, ಅದರ ಹಿಂದಿನ ಇತಿಹಾಸ ಹುಡುಕುತ್ತಾ ಕೂತೆ.

ಗಿಜೆಟ್ ಬರೀ ಕಲ್ಪನೆಯ ಹುಡುಗಿಯಲ್ಲ. 1956ರ ಬೇಸಿಗೆಯಲ್ಲಿ ಕ್ಯಾಥಿ ಕೋನರ್ ಎಂಬ ಹದಿನೈದರ ಹುಡುಗಿ ಕ್ಯಾಲಿಫೋರ್ನಿಯಾದ ಮಾಲಿಬು ತೀರಕ್ಕೆ ಹೋಗಿ, ಸ್ಯಾಂಡ್‌ವಿಚ್ ಕೊಟ್ಟು ಹುಡುಗರ ಹಲಗೆ ಎರವಲು ಪಡೆದು ಅಲೆಯ ಮೇಲೆ ನಿಲ್ಲಲು ಕಲಿತಳು. 'ಗರ್ಲ್', 'ಮಿಜೆಟ್' ಎರಡನ್ನೂ ಕೂಡಿಸಿ ಆ ಕುಳ್ಳಿಗೆ ಅವರಿಟ್ಟ ಅಡ್ಡಹೆಸರು ಗಿಜೆಟ್. ಮನೆಗೆ ಬಂದು ಅಪ್ಪನಿಗೆ ಈ ಕತೆಗಳನ್ನೆಲ್ಲ ಹೇಳುತ್ತಿದ್ದಳು. ಅಪ್ಪ ಫ್ರೆಡರಿಕ್ ಕೋನರ್ ಅದನ್ನೇ ಕಾದಂಬರಿ ಮಾಡಿದರು, 1957ರಲ್ಲಿ ಪ್ರಕಟವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಪ್ಪ. ಬೊಹೀಮಿಯಾದಲ್ಲಿ ಹುಟ್ಟಿದ ಯಹೂದಿ. ಬರ್ಲಿನ್ನಿನಲ್ಲಿ ಚಿತ್ರಕತೆ ಬರೆಯುತ್ತಿದ್ದವರು. ನಾಜಿಗಳು ಬಂದಮೇಲೆ ಜರ್ಮನಿ ಬಿಟ್ಟವರು. ಮಾತೃಭಾಷೆ ಜರ್ಮನ್. ಐವತ್ತರ ಆ ವಲಸಿಗ, ಮಗಳ ಒಪ್ಪಿಗೆ ಪಡೆದು, ಅವಳು ಗೆಳೆಯರೊಡನೆ ಫೋನಿನಲ್ಲಿ ಆಡುವ ಮಾತನ್ನು ಕೇಳಿಸಿಕೊಂಡು, ಅವಳ ಪೀಳಿಗೆಯ ಇಂಗ್ಲಿಷನ್ನು ಕಲಿತು, ಅವಳದೇ ದನಿಯಲ್ಲಿ ಪುಸ್ತಕ ಬರೆದರು.

ಸಿನಿಮಾಕ್ಕೆ ಬರುವಾಗ ಬಹಳಷ್ಟು ಸೋರಿಹೋಯಿತು. ಕಾದಂಬರಿಯ ಫ್ರಾಂಜಿ ಹೋಫರ್ ತೆರೆಯ ಮೇಲೆ ಫ್ರಾನ್ಸಿಸ್ ಲಾರೆನ್ಸ್ ಆದಳು. ವಲಸೆಯ ಗುರುತು ಅಳಿಯಿತು. ನಾಯಕಿ ಸಾಂಡ್ರಾ ಡೀ ಬದಲಿಗೆ ಅಲೆ ಏರಿದ್ದು ಮಿಕಿ ಮುನೋಜ್ ಎಂಬ ಗಂಡಸು. ನಮ್ಮ ಪ್ರಾಜೆಕ್ಟುಗಳಲ್ಲೂ ರಾತ್ರಿಯೆಲ್ಲ ಕೋಡ್ ಬರೆದವರೊಬ್ಬರು, ಬೆಳಿಗ್ಗೆ ಡೆಮೊ ತೋರಿಸುವವರೊಬ್ಬರು! ತೆರೆಯ ಮೇಲೆ ಕಾಣದವರು ಇನ್ನೂ ಇದ್ದರು. ಸರ್ಫಿಂಗ್ ಹವಾಯಿಯ ಮೂಲನಿವಾಸಿಗಳಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ವಿದ್ಯೆ. ಆಫ್ರಿಕನ್-ಅಮೆರಿಕನ್ ಮತ್ತು ಮೆಕ್ಸಿಕನ್ ಮೂಲದ ನಿಕ್ ಗಬಾಲ್ಡನ್ ಸಾಂತಾ ಮೋನಿಕಾದಿಂದ ಮಾಲಿಬುವಿಗೆ ಸುಮಾರು 12 ಮೈಲಿ ಹಲಗೆಯ ಮೇಲೆ ಮಲಗಿ, ಕೈಯಿಂದ ನೀರು ತಳ್ಳುತ್ತ ಹೋಗುತ್ತಿದ್ದರು. 1951ರಲ್ಲಿ ಮಾಲಿಬುವಿನಲ್ಲೇ, ಸಮುದ್ರದೊಳಕ್ಕೆ ಚಾಚಿದ ಕಟ್ಟೆಗೆ ಬಡಿದು ತೀರಿಕೊಂಡರು. ಎಂಟು ವರ್ಷದ ನಂತರ ಬಂದ ಚಿತ್ರದ ಮಾಲಿಬುವಿನಲ್ಲಿ ಅಂಥವರಿಗೆ ಜಾಗವಿಲ್ಲ.

ಚಿತ್ರ ಗೆದ್ದಿತು. ಅದೇ ಹೊತ್ತಿಗೆ ಬಾಲ್ಸಾ ಮರದ ಬದಲು ಪಾಲಿಯುರಿಥೇನ್ ಫೋಮಿನ ಹಗುರ ಹಲಗೆಗಳೂ ಬರತೊಡಗಿದ್ದವು. ತೀರಗಳು ತುಂಬಿದವು. 1963ರಲ್ಲಿ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಕಡಿಮೆ ಖರ್ಚಿನಲ್ಲಿ 'ಬೀಚ್ ಪಾರ್ಟಿ' ತೆಗೆಯಿತು. ಫ್ರಾಂಕಿ ಅವಲಾನ್, ಆನೆಟ್ ಫ್ಯೂನಿಚೆಲೊ ಜೋಡಿ. ಅದನ್ನೂ ಆ ರಾತ್ರಿಯೇ ನೋಡಿದೆ. ಅಲ್ಲಿ ಅಪ್ಪ-ಅಮ್ಮಂದಿರ ಸುಳಿವಿಲ್ಲ. ಇರುವ ಹಿರಿಯನೆಂದರೆ, ಹದಿಹರೆಯದವರ ನಡವಳಿಕೆಯನ್ನು ದುರ್ಬೀನಿನಲ್ಲಿ ನೋಡಿ ಅಧ್ಯಯನ ಮಾಡುವ ಮಾನವಶಾಸ್ತ್ರದ ಪ್ರೊಫೆಸರ್. 1965ರಲ್ಲಿ ಇದೇ ಸರಣಿಯ 'ಬೀಚ್ ಬ್ಲಾಂಕೆಟ್ ಬಿಂಗೊ' ತೆರೆಗೆ ಬರುವಷ್ಟರಲ್ಲಿ ಅಮೆರಿಕದ ಮೆರೀನ್ ಸೈನಿಕರು ವಿಯೆಟ್ನಾಮಿನ ದಾ ನಾಂಗ್ ತೀರದಲ್ಲಿ ಇಳಿದಿದ್ದರು. ಒಂದೆರಡು ವರ್ಷದಲ್ಲಿ ಈ ಚಿತ್ರಗಳ ಕಾಲವೂ ಮುಗಿಯಿತು.

ಪ್ರೊಫೆಸರನ ದುರ್ಬೀನು ಕಂಡು ಈ ಸಲ ನಗು ಬರಲಿಲ್ಲ. ಕಳೆದ ವರ್ಷ ಮಗಳ ಫೋನಿಗೆ, ಅವಳಿಗೆ ಹೇಳದೆ, ಕಣ್ಣಿಡುವ ಆ್ಯಪ್ ಒಂದನ್ನು ಹಾಕಿದ್ದೆ. ಎಲ್ಲಿದ್ದಾಳೆ, ಯಾರ ಜೊತೆ ಎಷ್ಟು ಹೊತ್ತು ಮಾತಾಡಿದಳು, ಎಲ್ಲ ಗೊತ್ತು. ಆದರೆ ಮರಾಠಿ, ಹಿಂದಿ, ಇಂಗ್ಲಿಷ್ ಬೆರೆಸಿ ಅವಳು ಆಡುವ ಮಾತಿನಲ್ಲಿ ಅರ್ಧ ನನಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ಮಾತಾಡು ಎಂದು ಗದರಿದ್ದೇ ಬಂತು. ಅವಳ ಭಾಷೆ ಕಲಿಯಲು ಒಂದು ದಿನವೂ ಕೂತವನಲ್ಲ.

ಭಾನುವಾರ ಬೆಳಿಗ್ಗೆ ಅವಳಿಗೆ ಹೇಳಿ, ಅವಳೆದುರೇ ಆ್ಯಪ್ ತೆಗೆದೆ. ಎರಡು ದಿನ ಮಾತು ಬಿಟ್ಟಳು. ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ, "ಅಪ್ಪಾ, ಆ ಹುಡುಗಿಗೆ ಕೊನೆಗೆ ಅಲೆ ಮೇಲೆ ನಿಲ್ಲಕ್ಕೆ ಬಂತಾ?" ಅಂದಳು.

"ಬಂತು ಪುಟ್ಟಿ," ಅಂದೆ. "ಕೂತ್ಕೋ, ಹೇಳ್ತೀನಿ."