ಇನ್‌ಸ್ಟಾಲರ್ ಕಡತಗಳಲ್ಲಿ ಕಪಟಪತ್ತೆ

ಕಚೇರಿಯ ಗಣಕಯಂತ್ರದಲ್ಲಿ ತಂತ್ರಾಂಶವನ್ನು ಸ್ಥಾಪಿಸುವ ಕಡತದೊಳಗೆ ಅಡಗಿ ಬರುವ ದುಷ್ಟ ತಂತ್ರಾಂಶವನ್ನು ಗುರುತಿಸುವ ವಿದ್ಯೆ. ಬೆಂಗಳೂರಿನ ಕಾಡುಗೋಡಿ, ವೈಟ್‌ಫೀಲ್ಡ್ ಮೊದಲಾದೆಡೆಗಳ ಕಚೇರಿಗಳಲ್ಲಿ ಪರದೇಶದ ಗ್ರಾಹಕರ ಜಾಲಗಳಿಗೆ ಪ್ರವೇಶವುಳ್ಳ ಗಣಕಗಳು ಹೇರಳವಾಗಿರುವುದರಿಂದ, ಒಂದು ಮೇಜಿನ ಅಜಾಗರೂಕತೆಯು ಸಮುದ್ರದಾಚೆಯ ಸಂಸ್ಥೆಗೂ ಹಾನಿಯನ್ನುಂಟುಮಾಡಬಲ್ಲುದು.

ವಿಂಡೋಸಿನ ಎಂಎಸ್‌ಐ ಕಡತವು ವಸ್ತುತಃ ಕೋಷ್ಟಕಗಳಿಂದ ಕೂಡಿದ ದತ್ತಸಂಚಯವಾಗಿದ್ದು, ಅದರ 'ಕಸ್ಟಮ್ ಆ್ಯಕ್ಷನ್' ಕೋಷ್ಟಕದಲ್ಲಿ ಬರೆದಿಟ್ಟ ಆಜ್ಞೆಗಳು, ಕೆಲವೊಮ್ಮೆ ಯಂತ್ರದ ಪರಮಾಧಿಕಾರದೊಡನೆ, ಸ್ಥಾಪನೆಯ ನಡುವೆಯೇ ಸದ್ದಿಲ್ಲದೆ ನಡೆದುಹೋಗುವುದರಿಂದ, ಪರೀಕ್ಷಕನು ಮೊದಲು ನೋಡತಕ್ಕುದು ಅದನ್ನೇ. ಹ್ಯಾಶ್ ಮೌಲ್ಯದ ಹೋಲಿಕೆ, ಡಿಜಿಟಲ್ ಸಹಿ ಇವು ತರುವಾಯದವು. ಸಹಿಯೊಂದನ್ನೇ ನಂಬುವುದು (ಬಹುಮಂದಿಯ ದೌರ್ಬಲ್ಯವಿದು) ಸಾಲದು: 2017ರಲ್ಲಿ ಸಿಕ್ಲೀನರ್ ಎಂಬ ಗಣಕಶುದ್ಧಿ ತಂತ್ರಾಂಶದ 5.33ನೆಯ ಆವೃತ್ತಿಯು ನಿಜವಾದ ಸಹಿಯನ್ನೇ ಹೊತ್ತು, 22 ಲಕ್ಷಕ್ಕೂ ಮೀರಿದ ಬಳಕೆದಾರರಿಗೆ ವಿಷವನ್ನೊಯ್ದಿತು.

ಇದಕ್ಕಿಂತಲೂ ಸೂಕ್ಷ್ಮವಾದುದು, ಸಾಧುವಾದ ತಂತ್ರಾಂಶವೇ ಕಳ್ಳನ ಕೈಸೇರುವ ಪ್ರಸಂಗ. 2019ರ ಏಪ್ರಿಲ್‌ನಲ್ಲಿ ಬಹಿರಂಗವಾದ, ಬೆಂಗಳೂರಿನ ವಿಪ್ರೊ ಸಂಸ್ಥೆಯ ಕೆಲವು ನೌಕರರ ಖಾತೆಗಳು ಫಿಶಿಂಗಿಗೆ ಈಡಾದ ಪ್ರಕರಣದಲ್ಲಿ, ದಾಳಿಕೋರರು ಸ್ಕ್ರೀನ್‌ಕನೆಕ್ಟ್ ಎಂಬ ದೂರನಿಯಂತ್ರಣ ಸಾಧನವನ್ನು ಬಳಸಿದರೆಂದು ವರದಿಯಾಯಿತು. ಇಂಥದನ್ನು ಕಂಡು ವೈರಸ್ ನಿರೋಧಕವು ಸುಮ್ಮನಿರುವುದು ಅಚ್ಚರಿಯಲ್ಲ; ಯಾರ ಖಾತೆಯಿಂದ, ಯಾವ ಹೊತ್ತಿನಲ್ಲಿ, ಯಾವ ಪ್ರಕ್ರಿಯೆಯ ಬೆನ್ನಿಗೆ ಅದು ನೆಲೆಗೊಂಡಿತೆಂಬುದೇ ಕುರುಹು. ವಿಂಡೋಸಿನ ಘಟನಾದಾಖಲೆಯಲ್ಲಿ 1033, 11707 ಸಂಖ್ಯೆಯ ನಮೂದುಗಳು ಸ್ಥಾಪನೆಯನ್ನು ಸೂಚಿಸುತ್ತವೆ.

2022ರ ಏಪ್ರಿಲ್ 28ರ ಸರ್ಟ್-ಇನ್ (ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ, ಇಂತಹ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿಮಾಡತಕ್ಕುದು; ದಾಖಲೆಗಳನ್ನು 180 ದಿವಸ ಕಾಪಿಡತಕ್ಕುದು.