ಸೊನ್ನಲಿಗೆಯಿಂದ ಸೊಲ್ಲಾಪುರಕ್ಕೆ

ಸೊಲ್ಲಾಪುರಕ್ಕೆ ಆ ಹೆಸರು ಹೇಗೆ ಬಂದಿತೆಂದು ಕೇಳಿದರೆ ಬಹುಮಂದಿ ಕೊಡುವ ಉತ್ತರ ಒಂದೇ: ಹದಿನಾರು ಹಳ್ಳಿಗಳು ಕೂಡಿ ಆದ ಊರು, 'ಸೋಲಾ' ಎಂದರೆ ಹದಿನಾರು, 'ಪುರ' ಎಂದರೆ ಊರು. ಆದಿಲಪುರ, ಅಹಮದಪುರ, ಫತೇಪುರ ಮೊದಲಾದ ಹಳ್ಳಿಗಳ ಪಟ್ಟಿಯನ್ನೂ ಮುಂದಿಡುವರು. ಈ ವ್ಯುತ್ಪತ್ತಿಯನ್ನು ನಾವು ಒಮ್ಮೆ ಒರೆಗೆ ಹಚ್ಚಿ ನೋಡುವುದು ಉಚಿತ.

ಮೊದಲನೆಯದಾಗಿ, ಆ ಪಟ್ಟಿಯೊಳಗೇ ಸೊಲ್ಲಾಪುರ, ಸೊನ್ನಲಗಿ ಎಂಬ ಎರಡು ಹೆಸರುಗಳಿವೆ. ಹದಿನಾರೂ ಕೂಡಿದ ಮೇಲೆ ಹುಟ್ಟಿದ ಹೆಸರು ಅವುಗಳಲ್ಲೊಂದಕ್ಕೆ ಮೊದಲೇ ಇದ್ದುದು ಹೇಗೆ? ಎರಡನೆಯದಾಗಿ, ಮರಾಠಿಯಲ್ಲಿ ಹದಿನಾರಕ್ಕೆ 'ಸೋಳಾ' ಎನ್ನುವರು. ಊರ ಹೆಸರನ್ನಾದರೋ ಲಕಾರದಿಂದ 'ಸೋಲಾಪೂರ' ಎಂದೇ ಬರೆಯುವರು. 'ಸೋಲಾ' ಎಂಬುದು ಹಿಂದಿ-ಉರ್ದುಗಳ ಉಚ್ಚಾರ. ಆ ನುಡಿ ಇಲ್ಲಿ ಬಳಕೆಗೆ ಬರುವುದಕ್ಕೆ ಮುನ್ನವೇ ಊರಿಗೆ ಹೆಸರಿತ್ತು.

ಆ ಹೆಸರು ಸೊನ್ನಲಿಗೆ. 12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಕೆರೆಯನ್ನು ಕಟ್ಟಿಸಿ, ಕಪಿಲಸಿದ್ಧಮಲ್ಲಿಕಾರ್ಜುನನ ಅಂಕಿತದಲ್ಲಿ ವಚನಗಳನ್ನು ನುಡಿದ ಊರದು. ಮೋಹೋಳದ ಕಡೆಯ ಕಾಮತಿಯಲ್ಲಿ ದೊರೆತ ಶಕ 1238ರ, ಎಂದರೆ ಕ್ರಿ.ಶ. 1316ರ ಸುಮಾರಿನ, ಸಂಸ್ಕೃತ ಶಾಸನ ಇದನ್ನು ಸೋನಲಿಪುರವೆನ್ನುತ್ತದೆ. ಕೋಟೆಯ ಶಾಸನವೊಂದು ಸೋನಲಪುರವೆನ್ನುತ್ತದೆ. ಸೊನ್ನಲಾಪುರದ ನಡುವಣ ಸ್ವರ ಜಾರಿದರೆ ನಕಾರದ ಮುಂದೆ ಲಕಾರ ನಿಲ್ಲುತ್ತದೆ. 'ಉತ್' ಎಂಬುದರ ಮುಂದೆ 'ಲೇಖ' ಬಂದು 'ಉಲ್ಲೇಖ'ವಾದಂತೆ, ಆ ನಕಾರವೂ ಲಕಾರದೊಡನೆ ಬೆರೆತು ಸೊಲ್ಲಾಪುರವಾಯಿತೆಂದು ನಾವು ಭಾವಿಸುತ್ತೇವೆ. ಕನ್ನಡಿಗರ ಬಾಯಲ್ಲಿ ಉಳಿದಿರುವ ಹ್ರಸ್ವ ಒಕಾರವೂ ಲಕಾರದ ದ್ವಿತ್ವವೂ ಆ ಹಳೆಯ ಹೆಸರಿನ ಗುರುತುಗಳು. ಆಂಗ್ಲರ ಆಳಿಕೆಯಲ್ಲಿ ಅದು 'ಶೋಲಾಪುರ'ವೂ ಆಯಿತು.

ಊರ ಹೆಸರು ಮನೆತನದ ಹೆಸರಾಗುವುದು ನಮ್ಮ ಕಡೆಯ ರೂಢಿ. ಕನ್ನಡಿಗರು ಊರ ಹೆಸರನ್ನು ಹಾಗೆಯೇ ಇರಿಸಿಕೊಂಡು 'ಸೊಲ್ಲಾಪುರ' ಎನ್ನುವರು. ಮರಾಠಿಗರು 'ಕರ' ಪ್ರತ್ಯಯ ಹಚ್ಚಿ 'ಸೋಲಾಪೂರಕರ' ಎನ್ನುವರು. ಊರಲ್ಲಿಯೇ ಇರುವವರನ್ನು ಆ ಊರ ಹೆಸರಿನಿಂದ ಕರೆದರೆ ಗುರುತು ಹತ್ತುವುದಿಲ್ಲ. ವ್ಯಾಪಾರಕ್ಕೋ ಚಾಕರಿಗೋ ಬೇರೆಡೆಗೆ ಹೋದವರಿಗೆ ಅಲ್ಲಿಯ ಜನರು ಇಡುವ ಹೆಸರು ಸಾಮಾನ್ಯವಾಗಿ ಇಂತಹದು. ಆದುದರಿಂದ ಈ ಅಡ್ಡಹೆಸರು ಹಿರಿಯರು ಎಲ್ಲಿಂದ ಹೊರಟರೆಂಬುದನ್ನು ತಿಳಿಸುತ್ತದೆ. ಅವರ ಮನೆಮಾತು ಯಾವುದೆಂಬುದನ್ನು ಅದರ ರೂಪ ಮಾತ್ರದಿಂದ ನಿರ್ಣಯಿಸಲಾಗದು. ದಫ್ತರಗಳಲ್ಲಿ 'ಕರ' ಸೇರಿದ ಮಾತ್ರಕ್ಕೆ ಮನೆಯೊಳಗಿನ ಭಾಷೆ ಬದಲಾಗಬೇಕೆಂದಿಲ್ಲ.

1956ರ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಿಂದ ಮಹಾರಾಷ್ಟ್ರದಲ್ಲಿದೆ. ಹೆಸರಿನ ಚರಿತ್ರೆಯನ್ನು ಗಡಿಯ ವ್ಯಾಜ್ಯಕ್ಕೆ ಸಾಕ್ಷಿಯಾಗಿ ಎಳೆತರುವುದು ನಮ್ಮ ಉದ್ದೇಶವಲ್ಲ. ಸಿದ್ಧರಾಮರ ಗುಡಿಗೆ ಕನ್ನಡಿಗರೂ ಮರಾಠಿಗರೂ ತೆಲುಗರೂ ನಡೆದುಕೊಳ್ಳುವರು. ಸೊನ್ನಲಿಗೆಯೆಂಬುದು ಅವರೆಲ್ಲರ ಆಸ್ತಿ. ಆದರೆ ಹದಿನಾರು ಹಳ್ಳಿಗಳ ಕಥೆಯೊಂದನ್ನೇ ಮಕ್ಕಳಿಗೆ ಹೇಳುತ್ತ ಹೋದರೆ ಆ ಆಸ್ತಿ ಕೈಬಿಡುತ್ತದೆ. ಹಿರಿಯರು ಮನೆಯಲ್ಲಿ ಸೊನ್ನಲಿಗೆಯೆಂಬ ಹೆಸರನ್ನೂ ಹೇಳಿಕೊಡಲಿ, ಅದರ ಕಾರಣವನ್ನೂ ತಿಳಿಸಲಿ ಎಂಬುದೇ ನಮ್ಮ ವಿನಂತಿ.