ಗಾಜಿನ ಗೋಡೆಯ ಚೌಕಟ್ಟು

ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಳಸುವ ಆರ್ಕಿಕ್ಯಾಡ್ ತಂತ್ರಾಂಶದಲ್ಲಿ ‘ಕರ್ಟನ್ ವಾಲ್’ ಎಂಬ ಸಲಕರಣೆಯಿದೆ. ಅದನ್ನು ಆರಿಸಿ ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ ಗಾಜಿನ ಗೋಡೆಯೊಂದು ಎದ್ದು ನಿಲ್ಲುತ್ತದೆ. ಆಮೇಲಿನದು ಚೌಕಟ್ಟು ಹೊಂದಿಸುವ ಕೆಲಸ. ಅಂಚಿನದು, ಮೂಲೆಯದು, ನೆಟ್ಟಗೆ ನಿಲ್ಲುವ ಮಲಿಯನ್, ಅಡ್ಡಕ್ಕೆ ಹೋಗುವ ಟ್ರಾನ್ಸಮ್ ಎಂದು ಅದರಲ್ಲಿ ಬಗೆಗಳಿವೆ. ಒಂದೊಂದಕ್ಕೂ ಅಗಲ ಎಷ್ಟು, ಆಳ ಎಷ್ಟು ಎಂದು ತುಂಬಬೇಕಾದ ಖಾನೆಗಳಿವೆ. ಅಳತೆಗಳು ಮೊದಲೇ ತುಂಬಿಕೊಂಡಿರುವುದರಿಂದ ಬಹಳಷ್ಟು ಮಂದಿ ಅವನ್ನು ಮುಟ್ಟದೆ ‘ಓಕೆ’ ಒತ್ತಿ ಮುಂದೆ ಹೋಗುತ್ತಾರೆ. ಹೀಗೆ ಮುಟ್ಟದೆ ಬಿಟ್ಟ ಖಾನೆಗಳಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹೆಣಗಾಟ ಅಡಗಿದೆ.

ಕರ್ಟನ್ ವಾಲ್ ಎಂದರೆ ಕಟ್ಟಡದ ಭಾರ ಹೊರದ ಗೋಡೆ. ತನ್ನ ತೂಕವನ್ನೂ ತನ್ನ ಮೇಲೆ ಬೀಳುವ ಗಾಳಿಯ ಒತ್ತಡವನ್ನೂ ಮಾತ್ರ ಅದು ತಾಳಿಕೊಳ್ಳಬೇಕು. ಅದನ್ನೂ ಚೌಕಟ್ಟಿನ ಮೂಲಕ ಹಿಂದಿನ ಕಂಬಕ್ಕೋ ಅಂತಸ್ತಿನ ಹಲಗೆಗೋ ದಾಟಿಸಿಬಿಡುತ್ತದೆ. ನಮ್ಮಲ್ಲಿ ಮನೆ ಕಟ್ಟುವಾಗ ಗೋಡೆ ಏಳುವ ಮೊದಲೇ ಬಾಗಿಲ ಚೌಕಟ್ಟು ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವುದುಂಟು. ಚೌಕಟ್ಟು ಮೊದಲು, ತುಂಬುವುದು ಆಮೇಲೆ ಎಂಬ ಆ ಕ್ರಮವೇ ಇಲ್ಲಿಯದೂ. ತಂತ್ರಾಂಶದ ಪರದೆ ಈ ಕ್ರಮವನ್ನು ತಿರುವುಮುರುವು ಮಾಡಿ ತೋರಿಸುತ್ತದೆ.

ಕಥೆ ಶುರುವಾಗುವುದು ಸಾಮಾನ್ಯವಾಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೆಸ್‌ನಿಂದ. ಇಂದಿನ ಕಟ್ಟುನಿಟ್ಟಾದ ಅರ್ಥದಲ್ಲಿ ಅದು ಕರ್ಟನ್ ವಾಲ್ ಅಲ್ಲ, ಆದರೆ ಬೀಜ ಅಲ್ಲಿದೆ. ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ತೋಟಗಾರ. ಸಸ್ಯಗಳಿಗೆ ಗಾಜಿನ ಮನೆ ಕಟ್ಟಿ ಕಟ್ಟಿ ಕೈ ಪಳಗಿದವನು. ಬರ್ಮಿಂಗ್‌ಹ್ಯಾಮ್ ಬಳಿಯ ಚಾನ್ಸ್ ಬ್ರದರ್ಸ್ ಕಾರ್ಖಾನೆಯಿಂದ ಬಂದ ಗಾಜಿನ ಹಾಳೆ 49 ಇಂಚು ಉದ್ದ, 10 ಇಂಚು ಅಗಲವಿತ್ತು. ಚಾವಣಿಯ ಏರಿಳಿತ, ಮರದ ಪಟ್ಟಿಗಳ ಅಂತರ ಎಲ್ಲವೂ ಆ ಹಾಳೆಯ ಅಳತೆಗೆ ಹೊಂದಿಕೊಂಡವು. ಕಂಬದಿಂದ ಕಂಬಕ್ಕೆ 24 ಅಡಿ. ಸುಮಾರು ಮೂರು ಲಕ್ಷ ಹಾಳೆ ಕೂರಿಸಬೇಕಾಗಿದ್ದ ಕಟ್ಟಡದಲ್ಲಿ ಒಂದು ಪಟ್ಟಿಯ ಅಳತೆ ತಪ್ಪಿದರೆ ಆ ತಪ್ಪು ಕೊನೆಯ ತನಕ ಬೆಳೆಯುತ್ತಾ ಹೋಗುತ್ತಿತ್ತು.

ನನಗೆ ಹೆಚ್ಚು ಹಿಡಿಸುವುದು ಅಲ್ಲಿಯ ಮರದ ದೋಣಿ. ಯಂತ್ರದಲ್ಲಿ ಕೊರೆದ ಆ ತೊಲೆಯ ಮೇಲ್ಭಾಗದಲ್ಲಿ ಮಳೆನೀರಿಗೊಂದು ತೋಡು, ಒಳಬದಿಯಲ್ಲಿ ಗಾಜಿನ ಮೇಲೆ ಬೆವರುವ ಹನಿಗಳಿಗೆ ಎರಡು ಸಣ್ಣ ತೋಡು. ನೀರು ಅಲ್ಲಿಂದ ಟೊಳ್ಳು ಕಬ್ಬಿಣದ ಕಂಬಗಳೊಳಗೆ ಇಳಿದು ಹೋಗುತ್ತಿತ್ತು. ಗಾಜು ಕೂರಿಸುವ ಕೆಲಸಗಾರರ ಗಾಡಿಯ ಚಕ್ರಗಳು ಓಡುತ್ತಿದ್ದದ್ದೂ ಈ ದೋಣಿಯ ಮೇಲೆಯೇ. ಎಂಬತ್ತು ಮಂದಿ ವಾರಕ್ಕೆ ಹದಿನೆಂಟು ಸಾವಿರ ಗಾಜು ಕೂರಿಸಿದರಂತೆ. ಆಧಾರ, ನೀರಿನ ದಾರಿ, ಕೆಲಸಗಾರನ ರಸ್ತೆ, ಮೂರೂ ಒಂದೇ ಮರದ ತುಂಡಿನಲ್ಲಿ! ಚರಿತ್ರೆಯ ಪುಸ್ತಕಗಳಲ್ಲಿ ಗಾಜಿನ ಬೆಳಕಿಗೆ ಪುಟಗಟ್ಟಲೆ ವರ್ಣನೆ. ಈ ದೋಣಿಗೆ ಒಂದೆರಡು ಸಾಲು.

ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಾಗ ಮುಂದಿದ್ದ ಮಾದರಿ ಈ ಕ್ರಿಸ್ಟಲ್ ಪ್ಯಾಲೆಸ್ಸೇ. ಎರಕದ ಕಬ್ಬಿಣ ಗ್ಲಾಸ್ಗೋದಿಂದ ಬಂತು. ಆದರೆ ಲಾಲ್‌ಬಾಗಿನ ಬದಿಗಳು ಬಹುಮಟ್ಟಿಗೆ ತೆರೆದೇ ಇವೆ. ಚೌಕಟ್ಟು ಬಂತು, ಗೋಡೆಯನ್ನು ಬಿಟ್ಟೆವು. ನಮ್ಮ ಹವೆಗೆ ಅದೇ ಸರಿಯಾದ ಲೆಕ್ಕ ಎಂದು ನನ್ನ ಎಣಿಕೆ.

ನಡುವಿನ ಕೆಲವು ಹೆಜ್ಜೆಗಳನ್ನು ಬೇಗ ದಾಟುತ್ತೇನೆ: ಲಿವರ್‌ಪೂಲಿನಲ್ಲಿ ಪೀಟರ್ ಎಲ್ಲಿಸ್ ಕಟ್ಟಿದ ಓರಿಯಲ್ ಚೇಂಬರ್ಸ್ (1864), ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಲ್ಲಿಸ್ ಪೋಕ್ ಕಂಬಗಳ ಮುಂದಕ್ಕೆ ಗಾಜಿನ ಪರದೆ ತೂಗುಬಿಟ್ಟ ಹ್ಯಾಲಿಡಿ ಕಟ್ಟಡ (1918), ಡೆಸ್ಸಾವಿನಲ್ಲಿ ಗ್ರೋಪಿಯಸ್‌ನ ಬೌಹೌಸ್ (1926). ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡದ (1958) ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. ಬೆಂಕಿಯ ಭಯದಿಂದ ಒಳಗಿನ ಉಕ್ಕನ್ನು ಕಾಂಕ್ರೀಟಿನಲ್ಲಿ ಮುಚ್ಚಬೇಕೆಂಬ ನಿಯಮವಿತ್ತು. ಮೀಸ್ ವಾನ್ ಡೆರ್ ರೋಗೆ ಕಟ್ಟಡದ ಎಲುಬು ಹೊರಗೆ ಕಾಣಬೇಕು. ಹಾಗಾಗಿ ‘ಐ’ ಆಕಾರದ ಕಂಚಿನ ತೊಲೆಗಳನ್ನು ಮಲಿಯನ್‌ಗಳಾಗಿ ಹೊರಗೆ ಹಚ್ಚಿದ. ಅವು ಕಟ್ಟಡವನ್ನು ಹೊರುವುದಿಲ್ಲ, ಹೊರುವಂತೆ ತೋರುತ್ತವೆ.

ಬಾಸ್ಟನ್ನಿನ ಜಾನ್ ಹ್ಯಾನ್‌ಕಾಕ್ ಗೋಪುರದ ಕಥೆ ಬೇರೆ. 1973ರಲ್ಲಿ ಅದರ ಗಾಜುಗಳು ಬಿರುಕುಬಿಟ್ಟು ಬೀದಿಗೆ ಬೀಳತೊಡಗಿದವು. ಒಂದೊಂದೂ ಸುಮಾರು 500 ಪೌಂಡ್. ಬಿದ್ದ ಜಾಗಕ್ಕೆ ಪ್ಲೈವುಡ್ ಹೊಡೆದು ಹೊಡೆದು, ಊರವರು ಅದಕ್ಕೆ ಪ್ಲೈವುಡ್ ಅರಮನೆ ಎಂದೇ ಹೆಸರಿಟ್ಟರು. ಗಾಳಿಗೆ ಗೋಪುರ ಹೊಯ್ದಾಡುವುದೇ ಕಾರಣವೆಂದು ಹಲವರು ಅಂದುಕೊಂಡಿದ್ದರು. ಕಡೆಗೆ ಸಿಕ್ಕಿದ್ದು ಎರಡು ಪದರದ ಗಾಜಿನ ಅಂಚಿನಲ್ಲಿದ್ದ ಸೀಸದ ಬೆಸುಗೆ. ಅದು ಗಾಜನ್ನು ವಿಪರೀತ ಬಿಗಿಯಾಗಿ ಹಿಡಿದಿತ್ತು. ಬಿಸಿಲಿಗೂ ಗಾಳಿಗೂ ಗಾಜು ಮಿಸುಕಲು ಎಡೆ ಕೊಡದೆ ಅದನ್ನೇ ಸೀಳಿತು. 10,344 ಗಾಜುಗಳನ್ನೂ ತೆಗೆದು ಬೇರೆ ಹಾಕಬೇಕಾಯಿತು.

ಲೆವರ್ ಹೌಸ್‌ನದು ಸದ್ದಿಲ್ಲದ ರೋಗ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ 1952ರಲ್ಲಿ ಎದ್ದ, ಕಿಟಕಿ ತೆರೆಯಲಾಗದ ನೀಲಿ-ಹಸಿರು ಗಾಜಿನ ಕಟ್ಟಡ ಅದು. ಲೋಕದ ಎಷ್ಟೋ ಆಫೀಸುಗಳು ಅದನ್ನೇ ನಕಲು ಮಾಡಿದವು. ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆಯ ಹಿಂದೆ ಇದ್ದದ್ದು ಸಾಧಾರಣ ಉಕ್ಕು. ಸಂದಿಯಲ್ಲಿ ನೀರು ಹೊಕ್ಕಿತು, ಉಕ್ಕು ತುಕ್ಕು ಹಿಡಿದು ಉಬ್ಬಿತು, ಗಾಜು ಒಡೆಯಿತು. 1982ರಲ್ಲೇ ಸಂರಕ್ಷಿತ ಕಟ್ಟಡವೆಂದು ಘೋಷಿತವಾಗಿದ್ದರಿಂದ ಅದರ ರೂಪ ಬದಲಿಸುವಂತಿರಲಿಲ್ಲ. 2001ರ ಹೊತ್ತಿಗೆ ಇಡೀ ಗಾಜಿನ ಹೊರಮೈಯನ್ನು ಕಳಚಿ, ಒಳಗೆ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ, ಮೇಲೆ ಹಳೆಯದರಂತೆಯೇ ಕಾಣುವ ಹೊಸ ಗಾಜನ್ನೂ ಸ್ಟೇನ್‌ಲೆಸ್ ಸ್ಟೀಲನ್ನೂ ಹಚ್ಚಿದರು. ಬೀದಿಯಲ್ಲಿ ನಿಂತು ನೋಡುವವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ.